ಮೂರನೇ ಸುತ್ತಿನ ಕೊಸರು

ಅಕ್ಟೋಬರ್ ೧, ಮಂಗಳವಾರ. ಮಧ್ಯಾಹ್ನ

ಬದನೆಕಾಯಿ ಹೆಚ್ಚಿ ಹಾಲಿನಲ್ಲಿ ನೆನೆಹಾಕಿದ್ದಾಯಿತು. ಮೀನು ತೊಳೆದದ್ದಾಯಿತು. ಬಾದಾಮಿ ಅರೆಯುವುದು ಬಾಕಿ. ಗಂಡ ಎಲೋಯ್ ಮಹಡಿಯಲ್ಲಿ ಮಲಗಿದ್ದಾನೆ, ಅವನ ಗೊರಕೆ ಬೀದಿಗೆ ಕೇಳುತ್ತಿದೆ. ನನಗೆ ನಿದ್ದೆ ಇಲ್ಲ. ಮಂಡಿನೋವು ಬಿಡುವುದಿಲ್ಲ. ಸ್ಟೂಲಿನ ಮೇಲೆ ಕಾಲು ಎತ್ತಿಟ್ಟು ಕೂರಲು ಏನಾದರೊಂದು ನೆಪ ಬೇಕು, ಅದಕ್ಕೇ ಈ ಬರವಣಿಗೆ. ಬರೆಯುತ್ತಿದ್ದರೆ ಯಾರೂ ಕೆಲಸ ಹೇಳುವುದಿಲ್ಲ.

ಇವತ್ತು ಮೊಮ್ಮಗಳು ನೋಯೆಲಿಯಾಳ ಟೂರು. ಮಂಗಳವಾರ, ಗುರುವಾರ, ಶನಿವಾರ — ಹೊರದೇಶದವರ ಒಂದು ಹಿಂಡನ್ನು ನಮ್ಮ ಅಲ್ಬೈಸಿನ್ ಗುಡ್ಡ ಹತ್ತಿಸುತ್ತಾಳೆ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ. ಸಾನ್ ನಿಕೊಲಾಸ್ ಕಟ್ಟೆ, ಆಮೇಲೆ ಸಾನ್ ಕ್ರಿಸ್ತೋಬಲ್ ಕಟ್ಟೆ. ಯಾವ ಕಟ್ಟೆಯಿಂದ ನೋಡಿದರೂ ಎದುರಿಗೆ ಅದೇ ಅಲ್ಹಂಬ್ರಾ ಕೋಟೆ, ಅದೇ ಕೆಂಪು ಗೋಡೆ. ಅವರು ಪ್ರತಿ ಕಟ್ಟೆಯಲ್ಲೂ ಹೊಸದಾಗಿ ಬಾಯಿ ಬಿಡುತ್ತಾರೆ. ಹೊಟ್ಟೆ ಚುರುಗುಟ್ಟಿದ ಮೇಲೆ ನಾವು ನಡೆಸುವ ಬಾರಿಗೆ ಇಳಿಯುತ್ತಾರೆ. ಟೂರಿನ ಕೊನೆ ನಾವೇ.

ಇಲ್ಲಿ ಅವಳ ಭಾಷಣ. ಇಂಗ್ಲಿಷಿನಲ್ಲಿ ಒದರಿದರೂ ಕೈ ಆಡಿಸುವುದು ನೋಡಿಯೇ ನನಗೆ ಬಾಯಿಪಾಠ. ಗ್ರನಾಡದಲ್ಲಿ ಒಂದು ಲೋಟ ಬಿಯರಿಗೆ ಒಂದು ತಟ್ಟೆ ತಿಂಡಿ ಕೊಸರು, ದುಡ್ಡಿಲ್ಲದೆ. ಇಂಥದ್ದೇ ಬೇಕು ಎನ್ನುವ ಹಾಗಿಲ್ಲ, ಕೌಂಟರಿನವನು ಕೊಟ್ಟದ್ದೇ ಸರಿ. ಎರಡನೇ ಲೋಟಕ್ಕೆ ಬೇರೆ ಕೊಸರು, ಮೂರನೆಯದಕ್ಕೆ ಇನ್ನೊಂದು. ಕೊಟ್ಟದ್ದನ್ನೇ ಇನ್ನೊಮ್ಮೆ ಕೊಟ್ಟ ಬಾರಿಗೆ ಮಾನ ಇಲ್ಲ. ‘ನನ್ನ ಅಜ್ಜ ಜೀವಮಾನದಲ್ಲಿ ಒಂದು ಸಲವೂ ಕೊಟ್ಟಿಲ್ಲ’ ಎಂದು ಕೊನೆಗೆ ಎಲೋಯ್ ಕಡೆ ಕೈ ತೋರಿಸುತ್ತಾಳೆ. ಅವನು ಮದುಮಗನ ಹಾಗೆ ತಲೆ ಬಾಗಿಸುತ್ತಾನೆ.

ನಮ್ಮಲ್ಲಿ ಮೊದಲ ಸುತ್ತಿಗೆ ಬದನೆಕಾಯಿ, ಮೇಲೆ ಜೋನಿಬೆಲ್ಲ. ಎರಡಕ್ಕೆ ಹಂದಿತೊಡೆಯ ಚೂರು ಹಾಕಿದ ಅವರೆ. ಮೂರಕ್ಕೆ ಹುರಿದ ಮೀನು. ನಾಲ್ಕಕ್ಕೆ ಬಾದಾಮಿ ಗೊಜ್ಜಿನ ಮಾಂಸ. ಯಾರು ಎಷ್ಟನೇ ಸುತ್ತಿನಲ್ಲಿದ್ದಾರೆ ಎಂಬುದೆಲ್ಲ ಎಲೋಯ್ ತಲೆಯಲ್ಲಿ. ಬಾರು ತುಂಬಿ ಜನ ಬೀದಿಯಲ್ಲಿ ನಿಂತರೂ ತಪ್ಪಿದವನಲ್ಲ. ‘ಎರಡನೇದು ಮೂರು, ಮೊದಲನೇದು ಒಂದು’ ಎಂದು ಕೂಗುತ್ತಾನೆ, ನಾನು ಅಡುಗೆಮನೆಯ ಕಿಂಡಿಯಿಂದ ತಟ್ಟೆ ಜರುಗಿಸುತ್ತೇನೆ. ಮದುವೆಯಾದಾಗಿನಿಂದ ನಾವಿಬ್ಬರು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಇದೇ.

ಬಾದಾಮಿ ಅರೆಯಬೇಕು. ಕೈ ಏಳುತ್ತಿಲ್ಲ.

ಅಕ್ಟೋಬರ್ ೪, ಶುಕ್ರವಾರ. ಮಧ್ಯಾಹ್ನ

ನಿನ್ನೆ ಒಂದು ನಡೆಯಿತು. ಬರೆಯುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ಒದ್ದಾಡಿದೆ.

ಟೂರಿನವರು ಬರುವ ಮೊದಲು. ಬಾರಿನಲ್ಲಿ ಕಾಸಿಮಿರೋ ಒಬ್ಬನೇ. ಅಲ್ಬೈಸಿನ್ ಬೀದಿಗಳಿಗೆಲ್ಲ ಕಪ್ಪು ಬಿಳಿ ಕಲ್ಲು ಕೂರಿಸಿ ಕೂರಿಸಿ ಬೆನ್ನು ಬಗ್ಗಿಸಿಕೊಂಡವನು. ದಿನಾ ಬರುತ್ತಾನೆ, ಮೂರು ಸಣ್ಣ ಲೋಟ ಕುಡಿಯುತ್ತಾನೆ, ಹೋಗುತ್ತಾನೆ.

ಎಲೋಯ್ ಕೂಗಿದ, ಮೊದಲನೇದು ಒಂದು. ಬದನೆಕಾಯಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ, ಮೊದಲನೇದು ಒಂದು. ಇನ್ಯಾರೋ ಬಂದಿರಬೇಕು ಎಂದುಕೊಂಡೆ, ಕೊಟ್ಟೆ. ಮೂರನೇ ಸಲವೂ ಅದೇ ಕೂಗು. ಕಿಂಡಿಯಿಂದ ಬಗ್ಗಿ ನೋಡಿದೆ. ಕಾಸಿಮಿರೋ ಒಬ್ಬನೇ. ಅವನ ಮುಂದೆ ಜೋನಿಬೆಲ್ಲ ಅಂಟಿದ ತಟ್ಟೆ ಎರಡು.

ಮೂರನೆಯದನ್ನೂ ಕೊಟ್ಟೆ. ಕೈ ತಾನಾಗಿ ಕೊಟ್ಟಿತು. ಕಾಸಿಮಿರೋ ತಟ್ಟೆ ಹತ್ತಿರ ಎಳೆದುಕೊಂಡ. ಬದನೆಕಾಯಿ ಪೂರ್ತಿ ತಿಂದ, ಬಾಯಿ ಒರೆಸಿಕೊಂಡ, ಚೆನ್ನಾಗಿತ್ತು ಎಂದ, ಹೋದ. ಬದನೆ ಎಂದರೆ ಹೊಟ್ಟೆಗೆ ಆಗದ ಮನುಷ್ಯ. ಒಂದು ತಟ್ಟೆಯನ್ನೇ ಮುಖ ಕಿವುಚಿಕೊಂಡು ತಿನ್ನುವವನು.

ದಣಿವಿಗೆ ಆಗಿರಬೇಕು. ಎಲೋಯ್‌ಗೂ ವಯಸ್ಸಾಯಿತು. ಒಂದು ದಿನ ಯಾರಿಗೆ ತಪ್ಪುವುದಿಲ್ಲ?

ಅವನಿಗೆ ತಪ್ಪುತ್ತಿರಲಿಲ್ಲ.

ಅಕ್ಟೋಬರ್ ೬, ಭಾನುವಾರ

ಒಂದು ದಿನದ್ದಲ್ಲ.

ಈಗ ಒಲೆ ನೋಡುವುದಕ್ಕಿಂತ ಕಿಂಡಿ ನೋಡುವುದೇ ಹೆಚ್ಚಾಗಿದೆ. ನಿನ್ನೆಯಿಂದ ನಾನೇ ಗಮನ ಇಡುತ್ತಿದ್ದೇನೆ. ಆ ಮೂಲೆಯ ಹೆಂಗಸು ಎರಡನೇ ವೈನು, ಬಾಗಿಲ ಹತ್ತಿರದ ಜೋಡಿ ಮೂರನೇ ಬಿಯರು. ಅವನು ಏನು ಕೂಗಿದರೂ ಕೂಗಲಿ, ನಾನು ಸರಿಯಾದ ತಟ್ಟೆ ಜರುಗಿಸುತ್ತೇನೆ. ಮೊದಲನೆಯದು ಎನ್ನುತ್ತಾನೆ, ಮೀನು ಕೊಡುತ್ತೇನೆ. ಎರಡನೆಯದು ಎನ್ನುತ್ತಾನೆ, ಮಾಂಸ ಕೊಡುತ್ತೇನೆ. ಎಣ್ಣೆ ಒಂದು ಕಡೆ ಹೊಗೆಯುತ್ತಿರುತ್ತದೆ, ಕುತ್ತಿಗೆ ಒಂದು ಕಡೆ ಉಳುಕಿರುತ್ತದೆ. ಅವನ ಕೆಲಸ ಇಷ್ಟು ಭಾರ ಎಂದು ಗೊತ್ತಿರಲಿಲ್ಲ. ಸುಮ್ಮನೆ ನಿಂತು ಕೂಗುತ್ತಾನೆ ಎಂದು ಎಷ್ಟು ವರ್ಷ ಮೂದಲಿಸಿದ್ದೆ.

ವಿಚಿತ್ರ ಏನೆಂದರೆ, ಅವನು ಬಯ್ಯುತ್ತಿಲ್ಲ. ಮೊದಲಾದರೆ ಒಂದೇ ಒಂದು ತಟ್ಟೆ ತಪ್ಪಿ ಹೋದರೆ ಕಿಂಡಿಗೆ ತಲೆ ತೂರಿಸಿ ನನ್ನ ಅಪ್ಪ, ಅಜ್ಜ, ನಮ್ಮೂರಿನ ಕತ್ತೆ, ಎಲ್ಲರನ್ನೂ ಎಳೆಯುತ್ತಿದ್ದ. ಈಗ ತಟ್ಟೆ ನೋಡುತ್ತಾನೆ. ನನ್ನನ್ನು ನೋಡುತ್ತಾನೆ. ತೆಗೆದುಕೊಂಡು ಹೋಗುತ್ತಾನೆ.

ಬಯ್ದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅಕ್ಟೋಬರ್ ೯, ಬುಧವಾರ. ಬೆಳಿಗ್ಗೆ

ಪಕ್ಕದ ಮನೆಯಾಕೆ ಪೂರಾ, ಒಂದು ಚೀಲ ಆಕ್ರೋಟು ತಂದುಕೊಟ್ಟಳು. ತಲೆಗೆ ಒಳ್ಳೆಯದಂತೆ, ದಿನಾ ಬೆಳಿಗ್ಗೆ ತಿನ್ನಬೇಕಂತೆ. ಇವಳಿಗೂ ಗೊತ್ತಾಯಿತಾ ಎಂದುಕೊಂಡೆ. ಥ್ಯಾಂಕ್ಸ್ ಹೇಳಿ ಚೀಲ ಪೂರ್ತಿ ಎಲೋಯ್ ಮುಂದೆ ಇಟ್ಟೆ. ಅವನು ಒಡೆದ, ಬಿಡಿಸಿದ, ಅರ್ಧ ನನ್ನ ಕಡೆ ತಳ್ಳಿದ. ನೀನೂ ತಿನ್ನು ಎಂದ. ನನಗೆ ಹಲ್ಲಿಗೆ ಆಗುವುದಿಲ್ಲ ಎಂದೆ. ಅಷ್ಟಕ್ಕೇ ಬಿಡಲಿಲ್ಲ, ಪುಡಿ ಮಾಡಿ ಕಾಫಿ ಜೊತೆ ತಂದಿಟ್ಟ. ಮದುವೆಯಾದ ಹೊಸತರಲ್ಲೂ ಇಷ್ಟು ಉಪಚಾರ ಕಂಡಿರಲಿಲ್ಲ.

ಕಾಸಿಮಿರೋ ಕಿಂಡಿ ಹತ್ತಿರ ಬಂದು ನಿದ್ದೆ ಚೆನ್ನಾಗಿ ಬರುತ್ತಿದೆಯಾ ಎಂದು ಕೇಳಿದ. ನನ್ನ ನಿದ್ದೆ ಕಟ್ಟಿಕೊಂಡು ನಿನಗೇನಾಗಬೇಕು, ನಿನ್ನ ಬೆನ್ನು ನೋಡಿಕೋ ಎಂದೆ. ನಕ್ಕ. ಅಂಥ ನಗು ನನಗೆ ಇಷ್ಟವಿಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ನಗುತ್ತಾರಲ್ಲ, ಹಾಗೆ.

ಅಕ್ಟೋಬರ್ ೧೩, ಭಾನುವಾರ. ಮಧ್ಯಾಹ್ನ

ನಿನ್ನೆ ಸರಕಾರಿ ರಜ. ಇಡೀ ಸ್ಪೇನ್ ಗ್ರನಾಡಕ್ಕೆ ಬಂದಿತ್ತು. ಅದರ ಮೇಲೆ ಟೂರು. ಕಾಲಿಡಲು ಜಾಗವಿಲ್ಲ. ನಾನು ಎಷ್ಟೆಂದು ಬಗ್ಗಿ ನೋಡಲಿ? ಒಲೆಯ ಮೇಲೆ ನಾಲ್ಕು ಬಾಣಲೆ. ಕೊನೆಗೆ ಸೋತೆ. ಅವನು ಕೂಗಿದ್ದನ್ನೇ ಕೊಡುತ್ತಾ ಹೋದೆ.

ಟೂರಿನಲ್ಲಿ ಒಬ್ಬ ಬೆಳ್ಳಿಗೂದಲಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ನೋಯೆಲಿಯಾ ಹೇಳಿದ್ದನ್ನೆಲ್ಲ ಗಂಭೀರವಾಗಿ ನಂಬಿದವನು ಅವನೊಬ್ಬನೇ. ಅವರ ಮೇಜಿಗೆ ಎರಡನೇ ಸಲ ಬದನೆಕಾಯಿ ಹೋಯಿತು. ಅವನು ಬೆರಳೆತ್ತಿ ನೋಯೆಲಿಯಾಗೆ ಏನೋ ಹೇಳಿದ. ಅವಳು ನಕ್ಕಳು. ಮೂರನೇ ಸಲವೂ ಬದನೆಕಾಯಿ ಹೋಯಿತು. ಆಗ ಅವಳು ನಗಲಿಲ್ಲ. ಉಳಿದವರು ಸಂತೋಷವಾಗಿ ಫೋಟೋ ತೆಗೆದು ತಿಂದರು. ಅವರಿಗೆ ಒಂದೇ ಬದನೆಕಾಯಿಯನ್ನು ಮೂರು ಕಟ್ಟೆಯಿಂದ ನೋಡಿದ ಹಾಗೆ.

ಆಮೇಲೆ ನೋಯೆಲಿಯಾ ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು.

“ಅಜ್ಜಿ, ಯಾವಾಗಿಂದ?”

ಪಾತ್ರೆ ಉಜ್ಜುತ್ತಾ ಇದ್ದೆ. ಯಾವಾಗಿಂದ ಏನು ಎಂದು ಕೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ. ನನಗೆ! ಬಾಯಿ ಬರಲಿಲ್ಲ.

ಅವಳು ಅಲ್ಲೇ ಈರುಳ್ಳಿ ಬುಟ್ಟಿಯ ಮೇಲೆ ಕೂತು ಅತ್ತಳು. ಡಾಕ್ಟರ ಹತ್ತಿರ ಹೋಗಬೇಕು ಎಂದಳು. ಹೋಗುವವನು ಯಾರು? ಹೋದ ಚಳಿಗಾಲ ಮೈ ಸುಡುವ ಜ್ವರದಲ್ಲಿ ಕೌಂಟರಿನ ಹಿಂದೆ ನಿಂತವನು ಅವನು. ಹಾಗಾದರೆ ಎಲ್ಲ ಲೆಕ್ಕ ಇಡುವ ಯಂತ್ರ ಬರುತ್ತದೆ, ಕೌಂಟರಿನ ಮೇಲೆ ಇಡೋಣ ಎಂದಳು. ನೋಡಮ್ಮ, ಆ ಯಂತ್ರ ಒಂದು ಕಡೆ ಇಟ್ಟು ಅವನನ್ನು ಇನ್ನೊಂದು ಕಡೆ ಹೂಳು, ಎರಡೂ ಒಂದೇ ಎಂದೆ.

ಬಾರು ಮುಚ್ಚಿದರೆ ಅವಳ ಟೂರು ಕೊನೆಗೆ ಬಂದು ಕೂರಲು ಜಾಗವಿಲ್ಲ. ಅದನ್ನು ಅವಳು ಹೇಳಲಿಲ್ಲ. ಒಳ್ಳೆಯ ಹುಡುಗಿ.

ಅಕ್ಟೋಬರ್ ೧೭, ಗುರುವಾರ

ಕೂತು ಮಾತಾಡಿದೆ. ಊಟದ ಮೇಲೆ, ಅವನು ಚಾಕುವಿನಿಂದ ದಾಳಿಂಬೆ ಬಿಡಿಸುತ್ತಿದ್ದಾಗ. ಸುತ್ತಿ ಬಳಸಿ ಬಂದೆ. ವಯಸ್ಸಾಯಿತು, ಇಬ್ಬರೂ ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡರೆ ಹೇಗೆ ಎಂದೆ. ನನಗೇನಾಗಿದೆ ಎಂದ. ಕೋಪ ಇಲ್ಲ. ನನ್ನನ್ನೇ ನೋಡುತ್ತಾ, ನಿನಗೆ ಹೋಗಬೇಕು ಅನ್ನಿಸಿದರೆ ಹೇಳು, ನಾನು ಜೊತೆಗೆ ಬರುತ್ತೇನೆ ಎಂದ. ನನಗೆ ಮಂಡಿ ಬಿಟ್ಟರೆ ಬೇರೆ ರೋಗ ಇಲ್ಲ ಎಂದು ರೇಗಿದೆ. ಸರಿ ಸರಿ ಎಂದು ದಾಳಿಂಬೆ ಬಟ್ಟಲು ನನ್ನ ಕಡೆ ಜರುಗಿಸಿದ.

ಸಾಯಂಕಾಲ ಕೌಂಟರಿನ ಹಿಂದೆ ನಿಂತಿದ್ದ, ಗರಿಗರಿ ಏಪ್ರನ್ ಕಟ್ಟಿಕೊಂಡು. ಒಬ್ಬ ಗಿರಾಕಿ ಬಂದ. ಎಲೋಯ್ ಬಾಯಿ ತೆರೆದ — ಕೂಗಲಿಲ್ಲ. ಎಷ್ಟನೆಯದು ಎಂದು ಹುಡುಕುತ್ತಿದ್ದ. ಬೆರಳುಗಳು ಕೌಂಟರಿನ ಮೇಲೆ ತಡಕಾಡಿದವು, ಬಿದ್ದ ಗುಂಡಿ ಹುಡುಕುವ ಹಾಗೆ. ಆ ಗಿರಾಕಿ ಆಗತಾನೇ ಬಾಗಿಲಲ್ಲಿ ಕಾಲಿಟ್ಟವನು. ಮೊದಲನೆಯದಲ್ಲದೆ ಇನ್ಯಾವುದು ಇದ್ದೀತು?

ನಾನು ಹಿಂದೆ ತಿರುಗಿ ಒಲೆ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಅಕ್ಟೋಬರ್ ೨೯, ಮಂಗಳವಾರ. ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಕಿಂಡಿಯಲ್ಲಿ ಬಗ್ಗಿ ಬಗ್ಗಿ ಕುತ್ತಿಗೆ ಹೋಗಿದೆ, ಬರೆಯಲು ಕೂತರೆ ತಲೆ ಮೇಜಿಗೆ ಬೀಳುತ್ತಿತ್ತು. ಆದರೆ ನಿನ್ನೆಯದನ್ನು ಬರೆಯದಿದ್ದರೆ ನಂಬಿಕೆ ಬರುವುದಿಲ್ಲ.

ಸೋಮವಾರ ಬಾರಿಗೆ ರಜ. ನೋಯೆಲಿಯಾ ಒಂದು ಉಪಾಯ ಹೂಡಿದ್ದಳು. ಒಂದು ಗುಂಪು ವಿಶೇಷವಾಗಿ ಕೇಳಿಕೊಂಡಿದೆ, ಅಜ್ಜನೂ ಜೊತೆಗೆ ಬಂದು ಕಟ್ಟೆಯ ಮೇಲೆ ಹಳೆಯ ಕಾಲದ್ದು ನಾಲ್ಕು ಮಾತು ಹೇಳಬೇಕು ಎಂದಳು. ರುಚಿ ಹತ್ತಿದರೆ ಕೌಂಟರ್ ತಾನಾಗಿ ಬಿಡುತ್ತಾನೆ ಎಂದು ಅವಳ ಆಸೆ. ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಡಾಕ್ಟರ ಮಾತು ತೆಗೆಯುವುದು ನನ್ನ ಪಾಲು.

ಸಾನ್ ಕ್ರಿಸ್ತೋಬಲ್ ಏರುಬೀದಿ ಹತ್ತುವಷ್ಟರಲ್ಲಿ ಪ್ರಾಣ ಮೂಗಿಗೆ ಬಂತು. ಸಿಕ್ಕಿದ ಬಾಗಿಲಿಗೆಲ್ಲ ಒರಗಿದೆ. ಒಬ್ಬ ಹುಡುಗಿ ನನ್ನ ಫೋಟೋ ತೆಗೆದಳು. ಸಾಯುವ ಮೊದಲಿನದು, ಚೆನ್ನಾಗಿ ತೆಗಿ ಎಂದೆ. ಅರ್ಥವಾಗದೆ ನಕ್ಕಳು. ಎಲೋಯ್ ಮುಂದೆ ಮುಂದೆ ಮೇಕೆಯ ಹಾಗೆ.

ಕಟ್ಟೆಯ ಮೇಲೆ ಕೂತು ಶುರು ಮಾಡಿದ. ಯಾವ ಅಂಗಳದಲ್ಲಿ ಹಿಪ್ಪುನೇರಳೆ ಮರ ಇತ್ತು, ಯಾವ ಬಾಗಿಲಲ್ಲಿ ಮೇಕೆ ಹಾಲು ಕರೆದು ಕೊಡುತ್ತಿದ್ದರು, ಮಳೆಗೆ ಯಾವ ಗುಹೆಮನೆ ಕುಸಿದು ಯಾರ ಹಂದಿ ಬದುಕಿ ಉಳಿಯಿತು. ಒಂದೂ ತಪ್ಪಲಿಲ್ಲ. ಅರವತ್ತು ವರ್ಷದ ಹಿಂದಿನ ಹಂದಿಯ ಹೆಸರು ಕೂಡ. ನೋಯೆಲಿಯಾ ಅವರ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ಬಿಸಿಲು ಎದುರು ಗುಡ್ಡದ ಗೋಡೆಗೆ ಬಿದ್ದು ಅದು ಇಟ್ಟಿಗೆ ಗೂಡಿನ ಹಾಗೆ ಕೆಂಪಾಯಿತು. ಅದರ ಹಿಂದೆ ಬೆಟ್ಟದ ತುದಿಗೆ ಮೊದಲ ಹಿಮ. ಸೂರ್ಯ ಮುಳುಗಿದ. ಅವರು ಚಪ್ಪಾಳೆ ತಟ್ಟಿದರು. ನಾಳೆ ಎದ್ದು ಬಂದರೆ ಅವನಿಗೆ ಏನು ಕೊಡುತ್ತಾರೋ.

ನೋಯೆಲಿಯಾ ನನಗೆ ಕಣ್ಸನ್ನೆ ಮಾಡಿದಳು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವನೇ ನನ್ನ ಮೊಣಕೈ ಹಿಡಿದು ಕಟ್ಟೆಯ ತುದಿಗೆ ಕರೆದುಕೊಂಡು ಹೋದ.

“ತ್ರಿನಿ, ಹೆದರ್ಕೋಬೇಡ,” ಅಂದ.

“ನಾನ್ಯಾಕೆ ಹೆದರ್ಲಿ?”

“ನಂಗೆ ಗೊತ್ತಾಗಿದೆ. ತಿಂಗಳಾಯ್ತು ನೋಡ್ತಾ ಇದೀನಿ. ನಾನು ಒಂದು ಕೂಗಿದ್ರೆ ನೀನು ಇನ್ನೊಂದು ಕೊಡ್ತೀಯ. ಮೊದಲನೇದು ಅಂದ್ರೆ ಮೀನು ಬರುತ್ತೆ, ಎರಡನೇದು ಅಂದ್ರೆ ಮಾಂಸ. ಕಾಸಿಮಿರೋಗೆ, ಪೂರಾಗೆ, ಎಲ್ಲರ್ಗೂ ಹೇಳಿಟ್ಟಿದೀನಿ. ಏನು ಬಂದ್ರೂ ಸುಮ್ನೆ ತಿನ್ನಿ, ಅವಳ ಮುಂದೆ ಮಾತೆತ್ತಬೇಡಿ, ಅವಳಿಗೆ ಮರೆವು ಶುರುವಾಗಿದೆ ಅಂತ.”

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆಕ್ರೋಟು, ಕಾಫಿ, ದಾಳಿಂಬೆ ಬಟ್ಟಲು, ನಿದ್ದೆ ಬರುತ್ತಿದೆಯಾ ಎಂದ ಕಾಸಿಮಿರೋ — ಎಲ್ಲ ನನಗೆ. ಒಂದು ತಿಂಗಳು ನಾನು ಕಿಂಡಿಯ ಒಳಗೆ ನಿಂತು ಅವನ ಮಾನ ಕಾಯುತ್ತಿದ್ದೆ. ಅವನು ಹೊರಗೆ ನಿಂತು ನನ್ನದು.

ಬಾಯಿಗೆ ಬಂದಿತ್ತು. ಯಾವನೋ ನಿನಗೆ ಹೇಳಿದ್ದು? ನನ್ನ ತಲೆ ಇನ್ನೂ ಹತ್ತು ಬಾರು ನಡೆಸುತ್ತದೆ. ಕೆಟ್ಟಿರುವುದು ನಿನ್ನದು. ಕಾಸಿಮಿರೋ ಮೂರು ಸಲ ಬದನೆಕಾಯಿ ತಿಂದ, ಕೇಳು ಹೋಗು. ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು ಮಾತು.

ಅವನ ಮುಖ ನೋಡಿದೆ. ಹೆದರಿಕೆ ಇರಲಿಲ್ಲ. ಎಷ್ಟೋ ದಿನದಿಂದ ಆ ಮುಖದಲ್ಲಿ ಕಾಣದೇ ಇದ್ದ ಗಟ್ಟಿತನ ಇತ್ತು. ಯಾರನ್ನೋ ನೋಡಿಕೊಳ್ಳುವವನ ಮುಖ.

“ಬಾರು ಮುಚ್ಚೋಣ,” ಅಂದ. “ನೀನು ಒಳಗಿಲ್ದೆ ನಾನು ಹೊರಗೆ ನಿಂತು ಏನ್ ಮಾಡ್ಲಿ? ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ನಾನಿದೀನಿ.”

ತನಗಾಗಿ ಒಂದು ದಿನ ಕೌಂಟರ್ ಬಿಡದವನು ನನಗಾಗಿ ಪೂರ್ತಿ ಬಿಡುತ್ತಾನೆ. ನಾನು ಒಂದು ಹೂಂ ಎಂದರೆ ಸಾಕು.

“ಹೂಂ,” ಅಂದೆ. “ಯಾಕೋ ತಲೆ ಮೊದಲಿನ ಹಾಗಿಲ್ಲ.”

ಹಿಂದೆ ನಿಂತಿದ್ದ ನೋಯೆಲಿಯಾ ‘ಅಜ್ಜಿ’ ಎಂದು ಬಾಯಿ ತೆರೆದಳು. ಅವಳ ತೋಳಿಗೆ ಜೋರಾಗಿ ಚಿವುಟಿದೆ.

ಇಳಿಯುವಾಗ ಅವನು ನನ್ನ ಕೈ ಬಿಡಲೇ ಇಲ್ಲ. ಇವತ್ತು ಎದ್ದ ಕೂಡಲೇ ಗೋಡೆಗೆ ಮುಖ ಮಾಡಿ ನಿಂತು ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಸತ್ತವರ ಹೆಸರು ಎಲ್ಲ ಹೇಳಿಕೊಂಡೆ. ಎಲ್ಲರೂ ಇದ್ದರು. ಯಾರನ್ನೂ ಎರಡು ಸಲ ಕರೆಯಲಿಲ್ಲ. ಆದರೂ ಇನ್ನೊಮ್ಮೆ ಹೇಳಿಕೊಂಡೆ.

ನವೆಂಬರ್ ೧, ಶುಕ್ರವಾರ

ಸತ್ತವರ ಹಬ್ಬ. ಸ್ಮಶಾನಕ್ಕೆ ಹೋಗಿ ಅತ್ತೆ ಮಾವನ ಕಲ್ಲು ತೊಳೆದು ಹೂ ಇಟ್ಟು ಬಂದೆವು. ಇಡೀ ಅಲ್ಬೈಸಿನ್ ಅಲ್ಲೇ ಇತ್ತು. ಇಡೀ ಅಲ್ಬೈಸಿನ್‌ಗೆ ನನ್ನ ಮರೆವಿನ ಸುದ್ದಿ ಗೊತ್ತು.

ಪೂರಾ ನನ್ನ ಎದುರು ನಿಂತು ಬಿಡಿಸಿ ಬಿಡಿಸಿ, ಜೋರಾಗಿ, ನಾ-ನು ಪೂ-ರಾ ಎಂದಳು. ನನಗೆ ಕಿವಿ ಹೋಗಿದೆ ಎಂದು ಯಾರು ಹೇಳಿದರೋ. ಬೇರೆ ದಿನವಾಗಿದ್ದರೆ ಅವಳ ಗಂಡ ಯಾರ ಜೊತೆ ಮಲಾಗಕ್ಕೆ ಓಡಿಹೋಗಿದ್ದ, ಯಾವ ಬಸ್ಸಿಗೆ, ಯಾವ ಬಣ್ಣದ ಸೂಟ್‌ಕೇಸ್ ಹಿಡಿದುಕೊಂಡು ಎಂದು ಅಷ್ಟೂ ಜನರ ಮುಂದೆ ನೆನಪು ಮಾಡಿಕೊಡುತ್ತಿದ್ದೆ. ನುಂಗಿಕೊಂಡೆ. ಮುಗುಳ್ನಕ್ಕೆ. ಪಾಪ, ಎಂಥ ಬಾಯಿ ಇತ್ತು, ಹೇಗಾಗಿಬಿಟ್ಟಳು ಎಂದು ಹಿಂದೆ ಯಾರೋ ಅಂದರು.

ನಮ್ಮೂರು ಅಲ್ಪುಹಾರದ ಬೆಟ್ಟದ ಹಳ್ಳಿ. ಮೇಷ್ಟ್ರು ಕತ್ತೆ ಏರಿ ಬರುತ್ತಿದ್ದರು. ಹಿಮ ಬಿದ್ದರೆ ಕತ್ತೆಗೂ ರಜ, ನಮಗೂ ರಜ. ಹೀಗಾಗಿ ಕಲಿತದ್ದು ಎರಡು ವರ್ಷದ ಅಕ್ಷರ. ಗ್ರನಾಡಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ನೆನಪು ಮತ್ತು ನಾಲಗೆ, ಎರಡೇ. ಅವೆರಡರಲ್ಲೇ ಇಲ್ಲಿ ಹೆಸರು ಮಾಡಿದ್ದೆ. ಎರಡನ್ನೂ ಇವತ್ತು ಸ್ಮಶಾನದಲ್ಲಿ ಬಿಟ್ಟು ಬಂದ ಹಾಗಾಯಿತು.

ಮನೆಗೆ ಬಂದು ಎಲೋಯ್ ಗೆಣಸು ಸುಟ್ಟುಕೊಟ್ಟ. ಸಿಪ್ಪೆ ತೆಗೆದು. ಊದಿ.

ತುಂಬಾ ಸುಸ್ತು.

ನವೆಂಬರ್ ೮, ಶುಕ್ರವಾರ. ಮಧ್ಯಾಹ್ನ

ನಿನ್ನೆ ಡಾಕ್ಟರ ಹತ್ತಿರ. ಚಿಕ್ಕ ವಯಸ್ಸಿನ ಹೆಂಗಸು, ಕೂದಲು ಒಣಹುಲ್ಲಿನ ಬಣ್ಣ. ನೋಯೆಲಿಯಾ ಮೊದಲೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಆ ಡಾಕ್ಟರಿಗೆ ಈ ನಾಟಕ ಹಿಡಿಸಿಲ್ಲ. ಒಂದಲ್ಲ ಒಂದು ದಿನ ನಿಮ್ಮ ಅಜ್ಜನಿಗೆ ಹೇಳಲೇಬೇಕಾಗುತ್ತದೆ ಎಂದಿದ್ದಾಳಂತೆ. ಹೇಳೋಣ, ನಾನೇ ಹೇಳುತ್ತೇನೆ, ಇವತ್ತು ಬೇಡ ಎಂದೆ.

ಇಬ್ಬರನ್ನೂ ಎದುರಿಗೆ ಕೂರಿಸಿದಳು. ಮನೆಯವರಿಗೂ ಒಂದು ಪರೀಕ್ಷೆ ಮಾಡುತ್ತೇವೆ ಎಂದಳು. ನನಗೆ ಗಡಿಯಾರ ಬರೆಯಲು ಹೇಳಿದಳು, ಬರೆದೆ. ಅವನಿಗೂ ಹೇಳಿದಳು. ಅವನು ದುಂಡು ದುಂಡಗೆ ಚೆಂದದ ಚಕ್ರ ಬರೆದ. ಅಂಕೆಗಳನ್ನೆಲ್ಲ ಒಂದೇ ಪಕ್ಕಕ್ಕೆ ಸೇರಿಸಿದ, ಇಕ್ಕಟ್ಟಾಗಿ, ಮಳೆಗೆ ಛಾವಣಿ ಕೆಳಗೆ ನಿಂತ ಜನರ ಹಾಗೆ. ಇನ್ನೊಂದು ಪಕ್ಕ ಪೂರ್ತಿ ಖಾಲಿ. ಬರೆದು ಮುಗಿಸಿ ನನ್ನ ಕಾಗದದ ಕಡೆ ಬಗ್ಗಿ, ಪರವಾಗಿಲ್ಲ ತ್ರಿನಿ, ಚೆನ್ನಾಗೇ ಬರೆದಿದ್ದೀಯ ಎಂದ.

ಡಾಕ್ಟರು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದಳು. ಒಳ್ಳೆಯವಳು.

ಇಬ್ಬರಿಗೂ ಮಾತ್ರೆ. ಅವನದು ಮರೆವಿಗೆ, ನನ್ನದು ವಿಟಮಿನ್ನು. ನಿನ್ನ ಜೊತೆಗೆ ಇರಲಿ ಅಂತ ನಾನೂ ನುಂಗುತ್ತೇನೆ ಎನ್ನುತ್ತಾನೆ.

ನವೆಂಬರ್ ೧೭, ಭಾನುವಾರ

ನಿನ್ನೆ ಬಾರಿನ ಕೊನೆಯ ಸಂಜೆ.

ನೋಯೆಲಿಯಾಳ ಟೂರು ಬಂತು. ಮುಂದಿನ ವಾರದಿಂದ ಅವಳು ಬೇರೆ ಬಾರು ಗೊತ್ತು ಮಾಡಿಕೊಂಡಿದ್ದಾಳೆ, ಕೆಳಗೆ ನದಿಯ ಪಕ್ಕ. ಅಲ್ಲಿ ಕೊಸರು ಫ್ರೀಜರಿನಿಂದ ಬರುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನೆ ಅವಳು ಆ ಭಾಷಣ ಮಾಡಲಿಲ್ಲ. ಜನರನ್ನು ಒಳಗೆ ಬಿಟ್ಟು ತಾನು ಕೌಂಟರಿನ ತುದಿಯಲ್ಲಿ ನಿಂತಳು.

ಎಲೋಯ್ ಲೋಟ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದ. ನನ್ನ ಹೆಂಡತಿಗೆ ದಣಿವಾಗಿದೆ, ಅವಳ ಕೈಯಡುಗೆ ಇಲ್ಲದೆ ಈ ಬಾರು ಬಾರಲ್ಲ, ಇನ್ನು ಮೇಲೆ ನನ್ನ ಕೆಲಸ ಅವಳನ್ನು ನೋಡಿಕೊಳ್ಳುವುದು ಎಂದ. ಎಲ್ಲರೂ ಕಿಂಡಿಯ ಕಡೆ ತಿರುಗಿದರು. ನಾನು ಬಾಣಲೆ ಹಿಡಿದುಕೊಂಡು ನಿಂತಿದ್ದೆ. ಮರೆವಿನ ಮುದುಕಿ ಹೇಗೆ ನಿಲ್ಲಬೇಕೋ ಹಾಗೆ.

ಆಮೇಲೆ ಕೂಗಿದ, ಸಂಜೆ ಪೂರ್ತಿ ಕೂಗಿದ, ಬಾಯಿಗೆ ಬಂದದ್ದು. ಕಿಂಡಿ ನೋಡುವುದನ್ನು ಬಿಟ್ಟೆ. ಅವನು ಕೂಗಿದ್ದನ್ನೇ ಕೊಟ್ಟೆ, ಮೊದಲಿನ ಹಾಗೆ. ಕೆಲವರಿಗೆ ಐದು ಸಲ ಅವರೆ ಹೋಯಿತು. ಎಲ್ಲರೂ ತಿಂದರು. ತಟ್ಟೆಗಳೆಲ್ಲ ಖಾಲಿಯಾಗಿ ವಾಪಸ್ ಬಂದವು.

ಹೊರಡುವ ಮೊದಲು ಕಾಸಿಮಿರೋ ಕಿಂಡಿಗೆ ಮುಖ ತಂದ. ಎಲೋಯ್ ಬೀದಿಯಲ್ಲಿ ಯಾರನ್ನೋ ಅಪ್ಪಿಕೊಂಡು ನಿಂತಿದ್ದ.

“ಬದನೆಕಾಯಿ ಮೂರು ಸಲ ತಿಂದವನು ನಾನು, ತ್ರಿನಿ,” ಅಂದ. “ಅದು ಅವನು ನಮ್ಗೆಲ್ಲ ಬಂದು ಹೇಳೋಕೆ ಮುಂಚೆ. ನಂಗೆ ಗೊತ್ತು.”

ಕಣ್ಣಿಗೆ ಎಣ್ಣೆ ಹೊಗೆ.

“ಗೊತ್ತಿದ್ರೆ ಬಾಯಿ ಮುಚ್ಕೊಂಡಿರು,” ಅಂದೆ.

“ಅದನ್ನೇ ತಾನೇ ಮಾಡ್ತಾ ಇರೋದು.”

ಒಬ್ಬನಿಗಾದರೂ ಗೊತ್ತು. ಅಷ್ಟು ಸಾಕು. ಸಾಕಾಗುವುದಿಲ್ಲ, ಆದರೂ ಸಾಕು.

ನವೆಂಬರ್ ೨೭, ಬುಧವಾರ. ಬೆಳಿಗ್ಗೆ

ರಾತ್ರಿಯಿಡೀ ಮಳೆ. ಈಗ ಬಿಟ್ಟಿದೆ. ನಾಳೆ ಗುರುವಾರ, ಬಿಸಿಲಿದ್ದರೆ ನೋಯೆಲಿಯಾ ಬಂದು ಅವನನ್ನು ಸಾನ್ ಕ್ರಿಸ್ತೋಬಲ್ ಕಟ್ಟೆಗೆ ಕರೆದುಕೊಂಡು ಹೋಗುತ್ತಾಳೆ, ಹಂದಿಯ ಕಥೆ ಹೇಳಿಸಲು. ಬಾರಿನ ಬಾಗಿಲು ಮುಚ್ಚಿದಾಗಿನಿಂದ ಕೆಲಸವಿಲ್ಲ. ಕೆಲಸವಿಲ್ಲದೆ ಕೂತರೆ ದಣಿವು ಇನ್ನೂ ಜಾಸ್ತಿ. ಇಷ್ಟು ವರ್ಷದ್ದು ಒಟ್ಟಿಗೇ ಬಂದು ಮಂಡಿಯ ಮೇಲೆ ಕೂತಿದೆ.

ಡಾಕ್ಟರು ದಿನಾ ಒಂದಿಷ್ಟು ಪ್ರಶ್ನೆ ಕೇಳಿ ಎಂದಿದ್ದಾಳಂತೆ. ಅವನು ಬಿಡುವುದಿಲ್ಲ. ಕಾಫಿ ಮುಂದಿಟ್ಟು ಕೇಳುತ್ತಾನೆ, ಇವತ್ತು ಯಾವ ವಾರ. ಇಷ್ಟು ದಿನ ಸರಿಯಾಗಿಯೇ ಹೇಳುತ್ತಿದ್ದೆ. ಹೇಳಿದ ಕೂಡಲೇ ಅವನು ನನ್ನ ಮುಖ ನೋಡುತ್ತಾನೆ. ಸರಿಯೋ ತಪ್ಪೋ ಅವನಿಗೆ ಗೊತ್ತಿಲ್ಲ. ನನ್ನ ಮುಖದಲ್ಲಿ ಹುಡುಕುತ್ತಾನೆ. ಆ ನೋಟ ನನ್ನಿಂದ ನೋಡಲು ಆಗುವುದಿಲ್ಲ.

ಇವತ್ತು ಮರೆತೆ, ನೀನೇ ಹೇಳು ಎಂದೆ.

ಬೆನ್ನು ನೆಟ್ಟಗೆ ಮಾಡಿ ಕೂತ. ಕೌಂಟರಿನ ಹಿಂದೆ ನಿಲ್ಲುತ್ತಿದ್ದ ಹಾಗೆ.

“ಶುಕ್ರವಾರ ಕಣೇ. ಶುಕ್ರವಾರ. ಮೀನು ತರ್ಬೇಕು, ಮರೀಬೇಡ.”

ಮರೆಯುವುದಿಲ್ಲ ಎಂದೆ. ಶುಕ್ರವಾರ ಎಂದು ಅವನ ಎದುರಿಗೇ ಎರಡು ಸಲ ಹೇಳಿಕೊಂಡೆ. ಎಷ್ಟು ಸಂತೋಷಪಟ್ಟ!

ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಕೂಗುತ್ತಿದ್ದಾನೆ. ಕಲ್ಲು ಒದ್ದೆಯಾಗಿದೆ, ಜಾರುತ್ತದೆ, ನನ್ನ ತೋಳು ಹಿಡಿದುಕೋ ಎನ್ನುತ್ತಿದ್ದಾನೆ. ಹೊರಟೆ. ಪೂರಾ ಅವಳ ಮನೆ ಹೊಸ್ತಿಲು ಗುಡಿಸುತ್ತಿರುವ ಸದ್ದು ಕೇಳುತ್ತಿದೆ. ಅವಳೇನಾದರೂ ಇವತ್ತು ಬುಧವಾರ ಎಂದುಬಿಟ್ಟರೆ —